ತೊಟ್ಟಿಲ ಕೋಣೆಯ ತಪಾಸಣೆ

ಹೆತ್ತವರು ದುಡಿಯಲು ಹೋದಾಗ ಕೂಸನ್ನು ಹಗಲಿಡೀ ನೋಡಿಕೊಳ್ಳುವ ಜಾಗ ಕರ್ನಾಟಕದಲ್ಲಿ ನಾಲ್ಕಾರು ಇಲಾಖೆಗಳ ನಡುವೆ ಹಂಚಿಹೋಗಿದೆ. ಕಾರ್ಖಾನೆಯ ಶಿಶುಪಾಲನಾ ಕೊಠಡಿ ಕಾರ್ಖಾನೆಗಳ ನಿರೀಕ್ಷಕರ ಪಾಲು. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಹಳ್ಳಿಯ ಕೂಲಿಕಾರರ ಮಕ್ಕಳಿಗಾಗಿ ಪಂಚಾಯಿತಿಯಲ್ಲಿ ನಡೆಯುವ ಕೂಸಿನ ಮನೆ ಗ್ರಾಮೀಣಾಭಿವೃದ್ಧಿ ಇಲಾಖೆಯದು. ಬಡಾವಣೆಯ ಮೊದಲ ಮಹಡಿಯಲ್ಲಿ ಬಣ್ಣದ ಬೋರ್ಡು ಹಾಕಿಕೊಂಡ ಡೇ ಕೇರ್ ಯಾರದೆಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಒಂದೊಂದು ಬಗೆಗೂ ಒಂದೊಂದು ಕಾಯ್ದೆ, ಒಂದೊಂದು ಅಳತೆಗೋಲು. ಕೂಸು ಅಲ್ಲಿ ಸುರಕ್ಷಿತವಾಗಿದೆಯೇ, ಚೆನ್ನಾಗಿ ಬೆಳೆಯುತ್ತಿದೆಯೇ ಎಂಬುದನ್ನು ಸರ್ಕಾರ ಅಳೆದ ರೀತಿಯ ಚರಿತ್ರೆ ಈ ಅಳತೆಗೋಲುಗಳ ಚರಿತ್ರೆಯೇ ಆಗಿದೆ.

ತುಮಕೂರಿನ ಬಟವಾಡಿಯಲ್ಲಿ ನಿಂತು ನೋಡಿದರೆ ಈ ಬಗೆಗಳೆಲ್ಲ ಯಾಕೆ ಬೇಕಾದವು ಎಂಬುದು ತಿಳಿಯುತ್ತದೆ. ಬಿ.ಎಚ್. ರಸ್ತೆಯ ಮಗ್ಗುಲಿನ ಈ ಬಡಾವಣೆಯಲ್ಲಿ ಎಪಿಎಂಸಿ ಪ್ರಾಂಗಣವಿದೆ; 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಹತ್ತಿರದಲ್ಲಿದೆ. ಊರಿನ ಸುತ್ತ ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳಿವೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿದೆ. ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ಬರುವ ನೌಕರರೂ ತುಮಕೂರಿನಲ್ಲಿ ಬಹಳ. ಮಂಡಿಯ ಕೂಲಿ, ಕಾರ್ಖಾನೆಯ ಪಾಳಿ, ಕಚೇರಿಯ ಕೆಲಸ, ದೂರದೂರಿನ ನೌಕರಿ, ಹೀಗೆ ತಾಯಂದಿರ ದುಡಿಮೆ ಬಗೆಬಗೆಯಾದಷ್ಟೂ ಕೂಸನ್ನು ಬಿಡುವ ಹೊತ್ತೂ ಜಾಗವೂ ಬೇರೆಯಾಗುತ್ತವೆ.

ಕಾಯ್ದೆ ಬರುವ ಮುಂಚೆ ಕೂಸಿನ ಕಾವಲು ಮನೆಯವರದೇ. ಹೊಲದ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಕಳೆ ಕೀಳುತ್ತ ಒಂದು ಕಣ್ಣು ಅತ್ತ ಇಟ್ಟಿರುವುದು ಬಯಲುಸೀಮೆಯ ಕೂಲಿ ಹೆಂಗಸರ ರೂಢಿ. ಹುಣಸೆ ಹಣ್ಣು ಬಿಡಿಸುವುದು, ಕಾಯಿ ಸುಲಿಯುವುದು, ಕಾಳು ಹಸನು ಮಾಡುವುದು ತುಮಕೂರು ಸೀಮೆಯಲ್ಲಿ ಹೆಂಗಸರ ಪಾಲಿಗೆ ಬಂದ ಕೆಲಸಗಳು. ಅಲ್ಲಿ ಕೂಸು ಪಕ್ಕದಲ್ಲೇ ಗೋಣಿತಾಟಿನ ಮೇಲೆ ಮಲಗಿರುತ್ತಿತ್ತು. ಅಜ್ಜಿ ಇಲ್ಲದ ಮನೆಯಲ್ಲಿ ಕೂಸನ್ನು ಕಂಕುಳಿಗೇರಿಸಿಕೊಳ್ಳುತ್ತಿದ್ದವಳು ಏಳೆಂಟು ವರ್ಷದ ಅಕ್ಕ. ಈ ಏರ್ಪಾಟಿಗೆ ಪರವಾನಗಿ ಇರಲಿಲ್ಲ, ತಪಾಸಣೆಯೂ ಇರಲಿಲ್ಲ. ಅದರ ಬೆಲೆಯನ್ನು ತೆತ್ತವಳು ಶಾಲೆ ಬಿಟ್ಟ ಆ ಅಕ್ಕ. ಇದನ್ನು ಸರ್ಕಾರ ಒಂದು ನೀತಿಯಲ್ಲಿ ಬರೆದು ಒಪ್ಪಿಕೊಂಡದ್ದು 1986ರಲ್ಲಿ: ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳು ಶಾಲೆಗೆ ಬರಬೇಕಾದರೆ ಹಗಲು ಪಾಲನಾ ಕೇಂದ್ರಗಳು ಬೇಕು ಎಂದು ಆ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು.

ಕೂಸನ್ನು ಮನೆಯ ಹೊರಗೆ, ಸಂಬಳದ ಕೈಗೆ ಒಪ್ಪಿಸುವ ವ್ಯವಸ್ಥೆ ಯಂತ್ರಯುಗದ ಕೂಸು. 1844ರ ನವೆಂಬರಿನಲ್ಲಿ ಫರ್ಮಿನ್ ಮಾರ್ಬೋ ಎಂಬಾತ ಪ್ಯಾರಿಸ್ಸಿನ ಶಾಯೋ ಪ್ರದೇಶದಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ ತೆರೆದ ಕೇಂದ್ರವನ್ನು ಇದರ ಮೊದಲ ಮಾದರಿ ಎನ್ನುತ್ತಾರೆ. ಭಾರತದಲ್ಲಿ ಪ್ರಶ್ನೆ ಎದ್ದದ್ದು ಮುಂಬಯಿಯ ಹತ್ತಿ ಗಿರಣಿಗಳಿಂದ. ಪಾಳಿ ಮುಗಿಯುವವರೆಗೆ ಕೂಸು ನಿದ್ದೆ ಮಾಡಲೆಂದು ತಾಯಂದಿರು ಅಫೀಮಿನ ಗುಳಿಗೆ ಕೊಡುತ್ತಿದ್ದ ಸಂಗತಿ 1920ರ ದಶಕದಲ್ಲಿ ದೊಡ್ಡ ಚರ್ಚೆಯಾಯಿತು. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ರಾಯಲ್ ಕಾರ್ಮಿಕ ಆಯೋಗ ಗಿರಣಿಗಳಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 1934ರ ಕಾರ್ಖಾನೆ ಕಾಯ್ದೆ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಕೊಠಡಿ ಮೀಸಲಿಡಲು ನಿಯಮ ಮಾಡುವ ಅಧಿಕಾರವನ್ನು ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. ಕೊಟ್ಟದ್ದು ಅಧಿಕಾರ ಮಾತ್ರ. ಕಡ್ಡಾಯವಾದದ್ದು ಸ್ವಾತಂತ್ರ್ಯದ ನಂತರ.

1948ರ ಕಾರ್ಖಾನೆಗಳ ಕಾಯ್ದೆಯ 48ನೇ ಕಲಂ ಈ ಚರಿತ್ರೆಯಲ್ಲಿ ನಿಜವಾದ ತಿರುವು. ಕೊಠಡಿ ಸಾಕಷ್ಟು ವಿಶಾಲವಾಗಿರಬೇಕು, ಬೆಳಕು ಗಾಳಿ ಇರಬೇಕು, ಚೊಕ್ಕಟವಾಗಿರಬೇಕು, ಶಿಶುಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸರ ವಶದಲ್ಲಿರಬೇಕು ಎಂದು ಅದು ಹೇಳಿತು. ಉಳಿದ ವಿವರಗಳನ್ನು ರಾಜ್ಯದ ನಿಯಮಗಳಿಗೆ ಬಿಟ್ಟಿತು. ಮಾದರಿ ನಿಯಮಗಳನ್ನು ಅನುಸರಿಸಿ ರಾಜ್ಯಗಳು ಮಾಡಿಕೊಂಡ ನಿಯಮಗಳನ್ನು ಇಂದು ಓದಿದರೆ ಅಚ್ಚರಿಯಾಗುತ್ತದೆ. ಮಗುವೊಂದಕ್ಕೆ 20 ಚದರ ಅಡಿ ನೆಲ. ಪ್ರತಿ ಮಗುವಿಗೂ ಹಾಸಿಗೆಯಿರುವ ತೊಟ್ಟಿಲು ಅಥವಾ ಮಂಚ. ಒತ್ತಿಗೇ ಮೈ ತೊಳೆಸುವ ಕೋಣೆ, ನಾಲ್ಕು ಮಕ್ಕಳಿಗೊಂದು ಬೋಗುಣಿ, ಸಾಬೂನು, ಒಗೆದ ಟವೆಲು, ಮಡಿಯಾದ ಬಟ್ಟೆ. ದಿನಕ್ಕೆ ಮಗುವಿಗೆ ಅರ್ಧ ಪೈಂಟ್, ಅಂದರೆ ಕಾಲು ಲೀಟರಿಗಿಂತ ತುಸು ಹೆಚ್ಚು, ಶುದ್ಧ ಹಾಲು. ಎರಡು ವರ್ಷ ದಾಟಿದ ಮಕ್ಕಳಿಗೆ ತಿಂಡಿ. ಹಾಲೂಡಿಸಲು ತಾಯಿಗೆ ಪಾಳಿಯ ನಡುವೆ ಕನಿಷ್ಠ 15 ನಿಮಿಷಗಳ ಎರಡು ಬಿಡುವು. ಆಯಾಗಳಿಗೂ ಕೆಲಸದ ಹೊತ್ತಿನಲ್ಲಿ ತೊಡಲು ಶುಭ್ರ ಉಡುಪು. ಕಾಗದದ ಮೇಲೆ ಇಷ್ಟು ಉದಾರವಾದ ಪಟ್ಟಿ ಆಮೇಲಿನ ಯಾವ ಯೋಜನೆಯಲ್ಲೂ ಸಿಗುವುದಿಲ್ಲ. 1976ರ ತಿದ್ದುಪಡಿ, ಕೊಠಡಿ ಕಡ್ಡಾಯವಾಗಲು ಬೇಕಾದ ಹೆಂಗಸರ ಸಂಖ್ಯೆಯ ಮಿತಿಯನ್ನು 50ರಿಂದ 30ಕ್ಕೆ ಇಳಿಸಿತು.

ಆದರೆ ಈ ನಿಯಮ ಅಳೆದದ್ದು ಕೋಣೆಯನ್ನು. ಒಬ್ಬ ಆಯಾಗೆ ಎಷ್ಟು ಮಕ್ಕಳು, ಅವಳು ಎಷ್ಟು ತಿಂಗಳು ಅದೇ ಕೆಲಸದಲ್ಲಿ ಉಳಿಯುತ್ತಾಳೆ, ಅತ್ತ ಮಗುವನ್ನು ಎತ್ತಿಕೊಳ್ಳುತ್ತಾಳೋ ಇಲ್ಲವೋ ಎಂಬುದಕ್ಕೆ ಅಲ್ಲಿ ಅಂಕಣವಿರಲಿಲ್ಲ. ಬಾಯ್ಲರು, ಯಂತ್ರದ ಗಾರ್ಡು, ಬೆಂಕಿ ಆರಿಸುವ ಬಕೆಟ್ಟು ನೋಡಲು ಬಂದ ನಿರೀಕ್ಷಕರೇ ತೊಟ್ಟಿಲನ್ನೂ ಎಣಿಸಿ ಹೋಗುತ್ತಿದ್ದರು. ತೊಟ್ಟಿಲಿದೆ, ಕೂಸಿಲ್ಲ ಎಂಬುದು ತಪ್ಪಾಗಿ ಕಾಣುತ್ತಿರಲಿಲ್ಲ. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳು ಬೆಳೆದಾಗ ಈ ಕೊರತೆ ಎದ್ದು ಕಂಡಿತು. ದುಡಿಯುವವರಲ್ಲಿ ಬಹುಪಾಲು ಹರೆಯದ ತಾಯಂದಿರೇ ಆದರೂ ಕಾರ್ಖಾನೆಯ ಕ್ರೆಷ್‌ನಲ್ಲಿ, ಅಂದರೆ ಶಿಶುಪಾಲನಾ ಕೊಠಡಿಯಲ್ಲಿ, ಮಕ್ಕಳು ಕೆಲವೇ. ಬೆಳಗಿನ ಜಾವದ ಕಿಕ್ಕಿರಿದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಬರುವುದು ಆಗದ ಮಾತು. ಉತ್ಪಾದನೆಯ ಗುರಿ ತಪ್ಪಿಸಿಕೊಂಡು ಹಾಲೂಡಿಸಲು ಎದ್ದು ಹೋಗುವುದು ಇನ್ನೂ ಕಷ್ಟ. ಕೊಠಡಿಯ ಗುಣವನ್ನು ಕೊಠಡಿಯೊಳಗೆ ಮಾತ್ರ ಹುಡುಕಿದರೆ ಇಂಥವು ಕಣ್ಣಿಗೆ ಬೀಳುವುದಿಲ್ಲ.

ಇದೇ ಅಚ್ಚಿನ ಕಲಂಗಳು ಬೇರೆ ಕಾಯ್ದೆಗಳಿಗೂ ಹೋದವು. 1951ರ ತೋಟ ಕಾರ್ಮಿಕರ ಕಾಯ್ದೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಅನ್ವಯಿಸಿತು. 1966ರ ಬೀಡಿ ಕಾರ್ಮಿಕರ ಕಾಯ್ದೆಯಲ್ಲೂ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೂ ಶಿಶುಪಾಲನೆಯ ಕಲಂ ಇತ್ತು. ಕಟ್ಟಡ ಕಾರ್ಮಿಕರಿಗಾಗಿ ಕರ್ನಾಟಕ ತನ್ನ ನಿಯಮ ಮಾಡಿಕೊಂಡದ್ದು 2006ರಲ್ಲಿ. ಬೀಡಿಯನ್ನು ಮನೆಯಲ್ಲೇ ಕಟ್ಟುವವರಿಗೆ, ಮೇಸ್ತ್ರಿಯ ಕೈಕೆಳಗೆ ಹತ್ತಿಪ್ಪತ್ತು ಜನರಾಗಿ ದುಡಿಯುವವರಿಗೆ ಇವು ತಲುಪಲಿಲ್ಲ. ಮಂಡಿಯಲ್ಲಿ ಒಬ್ಬೊಬ್ಬ ವರ್ತಕನ ಬಳಿ ನಾಲ್ಕೈದು ಮಂದಿಯಂತೆ ಚದುರಿ ದುಡಿಯುವ ಹೆಂಗಸರಿಗಂತೂ ಯಾವ ಮಿತಿಯೂ ತಾಗುವುದಿಲ್ಲ. ಸಂಖ್ಯೆಯ ಮೇಲೆ ನಿಂತ ಕಾಯ್ದೆಯ ಸ್ವಭಾವವೇ ಅದು.

ಕಾರ್ಖಾನೆಯ ದಾರಿಗೆ ಹೊರತಾಗಿ ಇನ್ನೊಂದು ದಾರಿಯೂ ಬೆಳೆಯಿತು. ಅಲ್ಲಿ ಮುಖ್ಯವಾದದ್ದು ತಾಯಿಯ ದುಡಿಮೆಯಲ್ಲ, ಮಗುವಿನ ಮನಸ್ಸು. ‘ಸರಸ್ವತಿ’ ಪತ್ರಿಕೆ ನಡೆಸಿದ ಆರ್. ಕಲ್ಯಾಣಮ್ಮ 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಮರುವರ್ಷ ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸರಿ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಗುಜರಾತಿನ ಗಿಜುಭಾಯಿ ಬಧೇಕಾ ಜೊತೆ ದುಡಿದ ತಾರಾಬಾಯಿ ಮೋಡಕ್, ಆಮೇಲೆ ಅನುತಾಯಿ ವಾಘ್ ಜೊತೆಗೂಡಿ, ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡಿನಲ್ಲಿ ಬಡ ಮಕ್ಕಳ ಅಂಗಳದಲ್ಲೇ ಬಾಲವಾಡಿ ನಡೆಸಿದರು. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂದ ಮೇಲೆ ಬಾಲವಾಡಿಗಳು ಹಳ್ಳಿಗಳಿಗೂ ಹರಡಿದವು. ಒಂದು ಬಾಲವಾಡಿ ಒಳ್ಳೆಯದೇ ಎಂದು ಈ ಜನ ಕೇಳಿದಾಗ ಅವರ ಕಣ್ಣು ಹೋದದ್ದು ಆಟಿಕೆಗೆ, ಹಾಡಿಗೆ, ಶಿಕ್ಷಕಿಯ ದನಿಗೆ. ಆದರೆ ಬಾಲವಾಡಿ ಎರಡು ಮೂರು ಗಂಟೆಯದು, ಮೂರು ವರ್ಷ ತುಂಬಿದವರಿಗೆ. ಎಂಟು ಗಂಟೆ ದುಡಿಯುವ ತಾಯಿಯ ಎಂಟು ತಿಂಗಳ ಕೂಸಿಗೆ ಅಲ್ಲಿ ಜಾಗವಿರಲಿಲ್ಲ. ತೊಟ್ಟಿಲ ಕೋಣೆ ಒಂದು ಕಡೆ, ಆಟದ ಮನೆ ಇನ್ನೊಂದು ಕಡೆ ಎಂಬ ಈ ಒಡಕು ಇಂದಿಗೂ ಕೂಡಿಲ್ಲ.

ಎರಡನ್ನೂ ಒಂದುಗೂಡಿಸುವ ಮಾತು ಕೇಳಿಬಂದದ್ದು ಮೀನಾ ಸ್ವಾಮಿನಾಥನ್ ಅಧ್ಯಕ್ಷತೆಯ ಅಧ್ಯಯನ ತಂಡ 1972ರಲ್ಲಿ ಕೊಟ್ಟ ವರದಿಯಲ್ಲಿ. ಆಹಾರ, ಆರೋಗ್ಯ, ಕಲಿಕೆ ಬೇರೆ ಬೇರೆಯಲ್ಲ ಎಂಬ ಅದರ ವಾದ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಾಗಿ ರೂಪು ತಳೆಯಿತು. ದೇಶದ 33 ಕಡೆ ಪ್ರಯೋಗಕ್ಕೆಂದು ಆರಂಭವಾದ ಯೋಜನೆಯಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿಂದ ಹರಡಿದ ಅಂಗನವಾಡಿಗಳು ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು.

ಅಂಗನವಾಡಿ ತಂದ ಹೊಸ ಅಳತೆಗೋಲು ತಕ್ಕಡಿ. ಕಟ್ಟಡ ಬಿಟ್ಟು ಮಗುವನ್ನೇ ಅಳೆದದ್ದು ಇದೇ ಮೊದಲು. ತಿಂಗಳಿಗೊಮ್ಮೆ ಮಗುವನ್ನು ತೂಗುವ ತಕ್ಕಡಿಯಲ್ಲಿ ಕೂರಿಸಿ, ಬೆಳವಣಿಗೆಯ ಪಟ್ಟಿಯಲ್ಲಿ ಚುಕ್ಕಿ ಇಟ್ಟು, ಚುಕ್ಕಿಗಳನ್ನು ಗೆರೆಯಿಂದ ಸೇರಿಸುವುದು ಕಾರ್ಯಕರ್ತೆಯ ನಿತ್ಯದ ವಿದ್ಯೆಯಾಯಿತು. ಗೆರೆ ಏರಿದರೆ ಒಳ್ಳೆಯದು, ಮಟ್ಟಸವಾದರೆ ಎಚ್ಚರಿಕೆ, ಇಳಿದರೆ ವೈದ್ಯರ ಬಳಿಗೆ. ಮೊದಲು ಕೊರತೆಯನ್ನು ಒಂದರಿಂದ ನಾಲ್ಕು ದರ್ಜೆಗಳಲ್ಲಿ ಬರೆಯುತ್ತಿದ್ದರು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಮಾನದಂಡವನ್ನು ಯೋಜನೆ ಒಪ್ಪಿಕೊಂಡಿತು. ಪೂರಕ ಆಹಾರದ ಲೆಕ್ಕವೂ 300 ಕ್ಯಾಲರಿಯಿಂದ 500ಕ್ಕೆ, ಪ್ರೋಟೀನು 8-10 ಗ್ರಾಮಿನಿಂದ 12-15 ಗ್ರಾಮಿಗೆ ಏರಿತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂದು ಹಾಲು ಸೇರಿತು. 2021ರಿಂದ ಈ ತೂಕವೆಲ್ಲ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪಿಗೆ ಹೋಗುತ್ತಿದೆ.

ಮಗುವಿನ ತೂಕ ಕೇಂದ್ರದ ಗುಣಕ್ಕೆ ಒಳ್ಳೆಯ ಸಾಕ್ಷಿ, ಆದರೆ ಅರೆ ಸಾಕ್ಷಿ. ತೂಕ ಮನೆಯ ಬಡತನವನ್ನೂ ಹೇಳುತ್ತದೆ, ಬೇಧಿಯನ್ನೂ ಹೇಳುತ್ತದೆ. ಕೇಂದ್ರದಲ್ಲಿ ಮಗು ಹೇಗಿತ್ತೆಂದು ಹೇಳುವುದಿಲ್ಲ. ಅದನ್ನು ನೋಡಬೇಕಾದ ಮೇಲ್ವಿಚಾರಕಿಗೆ ಸುಮಾರು 20ರಿಂದ 25 ಕೇಂದ್ರಗಳ ಹೊಣೆ, ಅವಳು ಬಂದಾಗ ಎದುರಿಗೆ ತೆರೆದಿಡಬೇಕಾದ ರಿಜಿಸ್ಟರುಗಳೇ ಹತ್ತಕ್ಕೂ ಮಿಕ್ಕು. ಹಾಜರಿ, ದಾಸ್ತಾನು, ಲಸಿಕೆ, ತೂಕ ತಾಳೆಯಾಗುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಊರಿನ ಕಣ್ಣೂ ಇರಲೆಂದು ಕರ್ನಾಟಕ ಬಾಲವಿಕಾಸ ಸಮಿತಿಗಳನ್ನು ಮಾಡಿತು. ತಾಯಂದಿರು ಸದಸ್ಯರಾಗಿರುವ ಈ ಸಮಿತಿ ಚುರುಕಾಗಿರುವ ಕಡೆ ಅಂಗನವಾಡಿ ಬೇರೆಯೇ ಆಗಿರುತ್ತದೆ. ನ್ಯಾಯಾಲಯಗಳೂ ತಪಾಸಣೆಗಿಳಿದವು: ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಿಂದ ಆದೇಶ ಕೊಡುತ್ತ ಬಂದು, ಆಹಾರ ಪೂರೈಕೆಯಲ್ಲಿ ಗುತ್ತಿಗೆದಾರರು ಬೇಡವೆಂದಿತು, ರಾಜ್ಯದಲ್ಲಿ ಅಪೌಷ್ಟಿಕತೆಯ ಬಗ್ಗೆ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ 2012ರಲ್ಲಿ ವರದಿ ನೀಡಿತು. ಇಷ್ಟೆಲ್ಲ ಆದರೂ ಮಗುವನ್ನು ನೋಡಿಕೊಳ್ಳುವವಳ ಸ್ಥಾನ ಗಟ್ಟಿಯಾಗಲಿಲ್ಲ. ಅಂಗನವಾಡಿ ಕಾರ್ಯಕರ್ತೆ ಸರ್ಕಾರಿ ಹುದ್ದೆಯಲ್ಲಿಲ್ಲ ಎಂದು ಸುಪ್ರೀಂ ಕೋರ್ಟ್ 2006ರ ಕೊನೆಯಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ತೀರ್ಪಿತ್ತಿತು. ಅವಳಿಗೆ ಗ್ರಾಚ್ಯುಟಿ ಉಂಟೆಂಬ ತೀರ್ಪು ಬರಲು 2022ರವರೆಗೆ ಕಾಯಬೇಕಾಯಿತು.

ಅಂಗನವಾಡಿಯ ಇನ್ನೊಂದು ಮಿತಿ ಗಡಿಯಾರ. ಬೆಳಿಗ್ಗೆ 9.30ಕ್ಕೆ ತೆರೆದು ಸಂಜೆ 4ಕ್ಕೆ ಮುಚ್ಚುವ, ಮೂರು ವರ್ಷ ದಾಟಿದವರನ್ನು ಕೂರಿಸಿಕೊಳ್ಳುವ ಕೇಂದ್ರ, 7 ಗಂಟೆಯ ರೈಲಿಗೆ ಹೋಗಿ ರಾತ್ರಿ 8ಕ್ಕೆ ಬರುವ ಬಟವಾಡಿಯ ತಾಯಿಗೆ ಉಪಯೋಗವಿಲ್ಲ. ದಿನಕ್ಕೆ ಏಳೂವರೆ ಗಂಟೆಯ ರಾಷ್ಟ್ರೀಯ ಶಿಶುಪಾಲನಾ ಯೋಜನೆಯೊಂದಿತ್ತು, 2006ರಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ, ಆಮೇಲೆ ಹೆಸರು ಬದಲಿಸಿಕೊಂಡು. ಅದರ 2017ರ ರೂಪದಲ್ಲಿ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ತಿಂಗಳ ಗೌರವಧನ ಕ್ರಮವಾಗಿ 3,000 ಮತ್ತು 1,500 ರೂಪಾಯಿ. ಆ ದುಡ್ಡಿಗೆ ತರಬೇತಿ ಪಡೆದವರು ಸಿಕ್ಕರೂ ನಿಲ್ಲುತ್ತಿರಲಿಲ್ಲ. 2022ರಲ್ಲಿ ಇದು ‘ಪಾಲ್ನಾ’ ಎಂದಾಗಿ ಮಿಷನ್ ಶಕ್ತಿಯಡಿ ಸೇರಿತು.

ಸರ್ಕಾರ ಬಿಟ್ಟ ಜಾಗಕ್ಕೆ ಬಂದದ್ದು ಖಾಸಗಿ ಡೇ ಕೇರ್. ಬೆಂಗಳೂರಿನಲ್ಲಿ ಐಟಿ ಕಂಪನಿಗಳ ಜೊತೆ ಬೆಳೆದ ಈ ವ್ಯವಹಾರ ತುಮಕೂರಿನಂಥ ನಗರಗಳಿಗೂ ಬಂತು. ‘ಪರವಾನಗಿ ಪಡೆದದ್ದು’ ಎಂಬ ಮಾತಿಗೆ ಇಲ್ಲಿ ಏನರ್ಥ ಎಂಬುದನ್ನು ನಿಧಾನವಾಗಿ ನೋಡಬೇಕು. ಪಾಲಿಕೆ ಕೊಡುವ ಉದ್ದಿಮೆ ಪರವಾನಗಿ ವ್ಯಾಪಾರಕ್ಕೆ ಸಂಬಂಧಿಸಿದ್ದು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಅಲ್ಲಿ ದುಡಿಯುವವರ ಹೊತ್ತು, ರಜೆಯನ್ನು ಕುರಿತದ್ದು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಕೆಳಗೆ ಶಿಕ್ಷಣ ಇಲಾಖೆ ನೋಡುವುದು ಪೂರ್ವ ಪ್ರಾಥಮಿಕ ತರಗತಿಗಳನ್ನು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಖಾಸಗಿ ಪ್ಲೇ ಸ್ಕೂಲ್‌ಗಳಿಗಾಗಿ ಮಾರ್ಗಸೂಚಿ ರೂಪಿಸಿತು, ಅದು ಮೂರರಿಂದ ಆರು ವರ್ಷದವರಿಗೆ. ಗೋಡೆಗೆ ತೂಗುಹಾಕಿದ ಈ ಕಾಗದಗಳೆಲ್ಲ ಸಾಚಾ ಇರಬಹುದು, ಆದರೂ ಒಂದೂವರೆ ವರ್ಷದ ಮಗುವಿನ ಪಾಲನೆಯನ್ನು ಯಾರೂ ಪರೀಕ್ಷಿಸಿಲ್ಲದಿರಬಹುದು.

ಪರವಾನಗಿ ಇದ್ದೂ ಕಾಪಾಡದ ಉದಾಹರಣೆ ಮೆಕ್ಸಿಕೋದ ಎರ್ಮೊಸಿಯೋ ನಗರದ್ದು. ಅಲ್ಲಿನ ಎಬಿಸಿ ಎಂಬ ಕೇಂದ್ರ ಸರ್ಕಾರಿ ಸಾಮಾಜಿಕ ಭದ್ರತಾ ಸಂಸ್ಥೆಯ ಗುತ್ತಿಗೆಯಲ್ಲೇ ನಡೆಯುತ್ತಿತ್ತು. 2009ರ ಜೂನ್ 5ರಂದು ಪಕ್ಕದ ಉಗ್ರಾಣದಲ್ಲಿ ಹೊತ್ತಿದ ಬೆಂಕಿ ಒಳಗೆ ಬಂದಾಗ 49 ಮಕ್ಕಳು ಸತ್ತರು. ಆ ದೇಶ ಶಿಶುಪಾಲನಾ ಕೇಂದ್ರಗಳಿಗೆಂದೇ ಕಾಯ್ದೆ ಮಾಡಿದ್ದು 2011ರಲ್ಲಿ. ನಮ್ಮ ಹತ್ತಿರದ ಪಾಠ ತಮಿಳುನಾಡಿನ ಕುಂಭಕೋಣಂ: 2004ರ ಜುಲೈ 16ರಂದು ಶಾಲೆಯೊಂದರ ಅಡುಗೆಮನೆಯ ಬೆಂಕಿ ಹುಲ್ಲಿನ ಮಾಡಿಗೆ ತಗುಲಿ 94 ಮಕ್ಕಳು ಬಲಿಯಾದರು. ಶಾಲೆಗಳ ಅಗ್ನಿ ಸುರಕ್ಷತೆಯ ಬಗ್ಗೆ ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪು ಕೊಟ್ಟದ್ದು ಇದರ ಹಿನ್ನೆಲೆಯಲ್ಲೇ. ಆಮೇಲೆ ಭಯದ ದಿಕ್ಕು ಬದಲಾಯಿತು. 2012ರಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಬಂತು, 2016ರಲ್ಲಿ ರಾಜ್ಯದ ಮಕ್ಕಳ ರಕ್ಷಣಾ ನೀತಿ ಬಂತು. ಸಿಬ್ಬಂದಿಯ ಪೊಲೀಸ್ ಪರಿಶೀಲನೆ, ಸಿಸಿಟಿವಿ ಕ್ಯಾಮೆರಾ ಪೋಷಕರ ಮೊದಲ ಪ್ರಶ್ನೆಗಳಾದವು. ಕ್ಯಾಮೆರಾ ಬೇಕು, ಸರಿ. ಆದರೆ ಹದಿನೈದು ಕೂಸುಗಳಿಗೆ ಒಬ್ಬಳೇ ಆಯಾ ಇದ್ದರೆ ಕ್ಯಾಮೆರಾ ಅದನ್ನು ಚಿತ್ರೀಕರಿಸುತ್ತದೆ, ಅಷ್ಟೆ.

ಗುಣವನ್ನು ಅಳೆಯುವ ಶಾಸ್ತ್ರ ಈ ಹೊತ್ತಿಗೆ ಬೆಳೆದಿತ್ತು. 1980ರಲ್ಲಿ ಅಮೆರಿಕದ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ ರೂಪಿಸಿದ ಮಾಪನದಲ್ಲಿ ತಪಾಸಣೆಗಾರ ಕೋಣೆಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂತು, ಊಟ, ನಿದ್ದೆ, ಶೌಚ, ಮಾತುಕತೆ, ಆಟ ಹೇಗೆ ನಡೆಯುತ್ತವೆಂದು ನೋಡಿ ಅಂಕ ಕೊಡಬೇಕು. ಚೆನ್ನೈನ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಇದನ್ನು ತಮಿಳುನಾಡಿನ ಸ್ಥಿತಿಗೆ ಒಗ್ಗಿಸಿ ಒಂದು ಮಾಪನ ಮಾಡಿತು. ಇಂಥ ಅಧ್ಯಯನಗಳು ಎತ್ತಿ ಹೇಳುವ ಅಂಶಗಳು ಕೆಲವೇ: ಒಬ್ಬರ ಕೈಯಲ್ಲಿ ಎಷ್ಟು ಮಕ್ಕಳು, ಅವರ ತರಬೇತಿ, ಅವರು ಎಷ್ಟು ಕಾಲ ಅಲ್ಲೇ ಉಳಿಯುತ್ತಾರೆ, ಮಗುವಿನೊಡನೆ ಹೇಗೆ ಮಾತಾಡುತ್ತಾರೆ. ಜೋಲಿಯ ಕಾಲದ ತಾಯಿಯೂ ಇವನ್ನೇ ನೋಡುತ್ತಿದ್ದಳು. 2013ರ ಆರಂಭಿಕ ಬಾಲ್ಯದ ಪಾಲನೆ ಮತ್ತು ಶಿಕ್ಷಣದ ರಾಷ್ಟ್ರೀಯ ನೀತಿ, ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಅದಕ್ಕೆ ಮೇಲ್ಪಟ್ಟ ವಯಸ್ಸಿನ 20 ಮಕ್ಕಳಿಗೆ ಒಬ್ಬರು ಎಂದು ಗೊತ್ತುಮಾಡಿತು.

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಎಲ್ಲ ಸಂಸ್ಥೆಗಳಿಗೆ ಶಿಶುಪಾಲನಾ ಸೌಲಭ್ಯವನ್ನು ಕಡ್ಡಾಯ ಮಾಡಿತು. ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು. ಲೆಕ್ಕ ಹೆಂಗಸರದಲ್ಲ, ಒಟ್ಟು ನೌಕರರದು. ಹೆಂಗಸರನ್ನು ಕಡಿಮೆ ನೇಮಿಸಿಕೊಂಡು ಜಾರಿಕೊಳ್ಳುವ ದಾರಿ ಮುಚ್ಚಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನೇ ಉಳಿಸಿಕೊಂಡಿತು. 2018ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕನಿಷ್ಠ ಮಾರ್ಗಸೂಚಿ, ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ ಮತ್ತು ಸಹಾಯಕಿ, 30 ಮಕ್ಕಳಿಗೊಂದು ಕೇಂದ್ರ, ದಿನಕ್ಕೆ 8ರಿಂದ 10 ಗಂಟೆ ಎಂದು ಬರೆಯಿತು. ಆರೈಕೆ ಮಾಡುವ ಕೈಯ ಲೆಕ್ಕ ಕೊನೆಗೂ ಬಂತು. ನೆಲದ ಲೆಕ್ಕ ಮಾತ್ರ ಕುಗ್ಗಿತು: ಮಗುವಿಗೆ 10ರಿಂದ 12 ಚದರ ಅಡಿ. 1948ರ ಕಾಯ್ದೆಯ ಕೆಳಗಿನ ನಿಯಮ 20 ಚದರ ಅಡಿ ಕೊಟ್ಟಿತ್ತು ಎಂಬುದನ್ನು ಬರೆದವರು ನೆನಪಿಸಿಕೊಂಡಂತೆ ಕಾಣುವುದಿಲ್ಲ.

ಹಳ್ಳಿಯ ಕೂಲಿಕಾರ ತಾಯಂದಿರ ಪಾಲಿಗೆ 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಒಂದು ಸಾಲಿತ್ತು: ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಕೂಲಿಕಾರ ಹೆಂಗಸರಲ್ಲೇ ಒಬ್ಬಳನ್ನು ನೇಮಿಸಬೇಕು. ಬಿಸಿಲಲ್ಲಿ, ಕೆರೆಯ ಅಂಗಳದಲ್ಲಿ, ನೆರಳಿಗೆ ಒಂದು ಶೀಟು ಕಟ್ಟಿ ನಡೆಸಬೇಕಾದ ಈ ಏರ್ಪಾಟಿಗೆ ಗೋಡೆ ಬಂದದ್ದು 2023ರ ಜುಲೈ ಬಜೆಟ್ಟಿನ ನಂತರ. ಆ ಬಜೆಟ್ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಹೇಳಿತು. ಪಂಚಾಯಿತಿ ಜಾಗ ಕೊಡುತ್ತದೆ. ಉದ್ಯೋಗ ಚೀಟಿಯಿರುವ ಊರಿನ ಹೆಂಗಸರೇ ತರಬೇತಿ ಪಡೆದು ಆರೈಕೆದಾರರಾಗುತ್ತಾರೆ. ಊರಿನವಳೇ ಆದ್ದರಿಂದ ತಾಯಿಗೆ ನಂಬಿಕೆ, ಇದು ಯೋಜನೆಯ ಬಲ. ಆದರೆ ಉದ್ಯೋಗ ಖಾತ್ರಿ ಕಾಯ್ದೆ ಒಂದು ಕುಟುಂಬಕ್ಕೆ ಕೊಟ್ಟದ್ದು ವರ್ಷಕ್ಕೆ 100 ದಿನದ ಕೂಲಿ. ಆ ಕೂಲಿಯ ಮೇಲೆ ನಡೆಯುವ ಕೇಂದ್ರದಲ್ಲಿ ಆರೈಕೆದಾರರು ಸರದಿಯಲ್ಲಿ ಬದಲಾಗಲೇಬೇಕು. ಮುಖ ಬದಲಾದರೆ ಎರಡು ವರ್ಷದ ಮಗು ಹಠ ಹಿಡಿಯುವುದು ಯಾವ ತಾಯಿಗೂ ಗೊತ್ತಿರುವ ವಿಷಯ.

ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳು ಪಂಚಾಯಿತಿಯ ಈ ಯೋಜನೆಯ ವ್ಯಾಪ್ತಿಗೆ ಬರುತ್ತವೆ. ಬಟವಾಡಿ ತುಮಕೂರು ಮಹಾನಗರ ಪಾಲಿಕೆಯೊಳಗಿರುವುದರಿಂದ ಬರುವುದಿಲ್ಲ. ಅಲ್ಲಿನ ತಾಯಿಗೆ ಉಳಿಯುವುದು 4 ಗಂಟೆಗೆ ಮುಚ್ಚುವ ಅಂಗನವಾಡಿ, 50 ನೌಕರರ ಮಿತಿ ದಾಟಿದ ಸಂಸ್ಥೆಯಲ್ಲಿ ಕೆಲಸವಿದ್ದರೆ ಅದರ ಕ್ರೆಷ್, ಇಲ್ಲವಾದರೆ ಖಾಸಗಿ ಡೇ ಕೇರ್. ಖಾಸಗಿ ಕೇಂದ್ರಕ್ಕೆ ಹೋದವರು ಪರವಾನಗಿ ಯಾವ ಕಾಯ್ದೆಯದು, ಒಬ್ಬ ಆಯಾಗೆ ಎಷ್ಟು ಮಕ್ಕಳು, ಆಕೆ ಎಷ್ಟು ವರ್ಷದಿಂದ ಅಲ್ಲಿದ್ದಾಳೆ, ಮುಂಚೆ ತಿಳಿಸದೆ ಹಗಲಿನಲ್ಲಿ ಬಂದು ನೋಡಬಹುದೇ ಎಂಬ ನಾಲ್ಕು ಪ್ರಶ್ನೆಗಳನ್ನು ತಾವೇ ಕೇಳಿ ತಿಳಿದುಕೊಳ್ಳಬೇಕು.